ನಗರ ಪೊಲೀಸ್ ವೃತ್ತಿಯ ಮೆಟ್ಟಿಲುಗಳು: ಕಮಿಷನರೇಟ್‌ನಲ್ಲಿ ಸೇರ್ಪಡೆ, ಬಡ್ತಿ ಮತ್ತು ಮುಂದಾಳತ್ವಕ್ಕೊಂದು ಸಮಗ್ರ ಮಾರ್ಗದರ್ಶಿ

ಪೊಲೀಸ್ ಇಲಾಖೆಗೆ ಸೇರಬಯಸುವವರಿಗೆ ದೇಹದಾರ್ಢ್ಯ ಪರೀಕ್ಷೆಯ ಅಳತೆಗಳನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಒದಗಿಸುವ ಪುಸ್ತಕಗಳು ಬೇಕಾದಷ್ಟಿವೆ. ಸೇರಿದ ಮೇಲೆ ಎದುರಾಗುವ ಮೂವತ್ತು, ಮೂವತ್ತೈದು ವರ್ಷಗಳ ಸೇವೆಯನ್ನು ಹೇಗೆ ರೂಪಿಸಿಕೊಳ್ಳಬೇಕು, ಯಾವ ಹುದ್ದೆಯಲ್ಲಿ ಏನನ್ನು ಕಲಿತರೆ ಮುಂದಿನ ಹುದ್ದೆಗೆ ಅನುಕೂಲ, ಬಡ್ತಿ ಎಲ್ಲಿ ತಡೆಯುತ್ತದೆ, ಕೈಕೆಳಗಿನವರನ್ನು ಮುನ್ನಡೆಸುವ ಕೆಲಸ ನಿಜವಾಗಿ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಬರೆದಿಟ್ಟವರು ಕಡಿಮೆ. ಈ ಮಾರ್ಗದರ್ಶಿಯನ್ನು ಬೆಂಗಳೂರು ನಗರ ಪೊಲೀಸ್ ವ್ಯವಸ್ಥೆಯನ್ನು ಮುಖ್ಯವಾಗಿಟ್ಟುಕೊಂಡು ಬರೆದಿದೆ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ ಮತ್ತು ಕಲಬುರಗಿ ಕಮಿಷನರೇಟ್‌ಗಳಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಎಷ್ಟು ಎತ್ತರಕ್ಕೆ ಏರಬಹುದೆಂಬುದನ್ನು ನೀವು ಒಳಗೆ ಬಂದ ಬಾಗಿಲೇ ಬಹುಮಟ್ಟಿಗೆ ತೀರ್ಮಾನಿಸಿಬಿಟ್ಟಿರುತ್ತದೆ. ಆದರೆ ಕೈಕೆಳಗಿನವರು ನಿಮ್ಮ ಮಾತನ್ನು ಮನಸಾರೆ ಕೇಳುತ್ತಾರೋ, ಭುಜದ ಮೇಲಿನ ನಕ್ಷತ್ರಕ್ಕೆ ಹೆದರಿ ಕೇಳುತ್ತಾರೋ ಎಂಬುದು ಠಾಣೆಯ ಕಾಗದಪತ್ರಗಳಲ್ಲಿ ನಿಮಗಿರುವ ಹಿಡಿತದಿಂದ ಮತ್ತು ಡ್ಯೂಟಿ ಹಂಚುವಾಗ ನೀವು ತೋರುವ ನ್ಯಾಯದಿಂದ ತೀರ್ಮಾನವಾಗುತ್ತದೆ. ಮುಂದಿನ ಹಂತಗಳನ್ನು ಈ ಎರಡನ್ನೂ ಗಮನದಲ್ಲಿಟ್ಟು ಓದುವುದು ಒಳ್ಳೆಯದು.

ಮೊದಲ ಹಂತ: ವ್ಯವಸ್ಥೆಯ ರಚನೆಯನ್ನು ಅರಿಯುವುದು

ಬೆಂಗಳೂರಿನಲ್ಲಿ ಪೊಲೀಸ್ ಆಯುಕ್ತರ ವ್ಯವಸ್ಥೆ, ಅಂದರೆ ಕಮಿಷನರೇಟ್, 1963ರಲ್ಲಿ ಜಾರಿಗೆ ಬಂತು. ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಗಳು ಪಡೆಯನ್ನು ನಡೆಸಿದರೆ, ನಿಷೇಧಾಜ್ಞೆ ಹೊರಡಿಸುವಂತಹ ದಂಡಾಧಿಕಾರಿಯ ಅಧಿಕಾರ ಜಿಲ್ಲಾಧಿಕಾರಿಗಳ ಬಳಿ ಇರುತ್ತದೆ. ಕಮಿಷನರೇಟ್‌ನಲ್ಲಿ ಈ ಎರಡೂ ಪೊಲೀಸ್ ಆಯುಕ್ತರ ಕೈಯಲ್ಲೇ ಸೇರುತ್ತವೆ. ಮೆರವಣಿಗೆಗೆ ಅನುಮತಿ, ಧ್ವನಿವರ್ಧಕದ ನಿಯಂತ್ರಣ, ರೌಡಿಗಳ ಗಡಿಪಾರು ಮುಂತಾದವುಗಳಿಗೆ ಕರ್ನಾಟಕ ಪೊಲೀಸ್ ಕಾಯ್ದೆ ಆಧಾರವಾಗಿದೆ. ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನಲ್ಲಿದ್ದ ನಿಷೇಧಾಜ್ಞೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿಗೆ ಬಂದಿದೆ. ನಗರದಲ್ಲಿ ಎಸಿಪಿ (ಸಹಾಯಕ ಪೊಲೀಸ್ ಆಯುಕ್ತರು), ಡಿಸಿಪಿ (ಉಪ ಪೊಲೀಸ್ ಆಯುಕ್ತರು) ಹುದ್ದೆಗಳಿಗೆ ಜಿಲ್ಲೆಯ ಸಮಾನ ಹುದ್ದೆಗಳಿಗಿಂತ ಹೆಚ್ಚು ಆಡಳಿತಾತ್ಮಕ ಹೊಣೆ ಬೀಳುವುದು ಈ ಕಾರಣದಿಂದಲೇ.

ಠಾಣೆಗೆ ಪೊಲೀಸ್ ಇನ್ಸ್‌ಪೆಕ್ಟರ್ ಮುಖ್ಯಸ್ಥರು. ಕೆಲವು ಠಾಣೆಗಳು ಸೇರಿ ಒಂದು ಉಪವಿಭಾಗ, ಅದಕ್ಕೆ ಎಸಿಪಿ. ಉಪವಿಭಾಗಗಳು ಸೇರಿ ಒಂದು ವಿಭಾಗ, ಅದಕ್ಕೆ ಡಿಸಿಪಿ. ಅವರ ಮೇಲೆ ಜಂಟಿ ಆಯುಕ್ತರು, ಹೆಚ್ಚುವರಿ ಆಯುಕ್ತರು, ಕೊನೆಗೆ ಆಯುಕ್ತರು. ಠಾಣೆಯ ಒಳಗೆ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್, ಎಎಸ್‌ಐ (ಸಹಾಯಕ ಸಬ್ ಇನ್ಸ್‌ಪೆಕ್ಟರ್), ಪಿಎಸ್‌ಐ (ಸಬ್ ಇನ್ಸ್‌ಪೆಕ್ಟರ್) ಎಂಬ ಕ್ರಮವಿದೆ. ಭುಜದ ಗುರುತನ್ನು ಓದಲು ಬಂದರೆ ಯಾರೊಡನೆ ಮಾತನಾಡುತ್ತಿದ್ದೇವೆಂಬುದು ತಿಳಿಯುತ್ತದೆ: ಕೆಂಪು-ನೀಲಿ ಪಟ್ಟಿಯೊಡನೆ ಒಂದು ನಕ್ಷತ್ರವಿದ್ದರೆ ಎಎಸ್‌ಐ, ಎರಡಿದ್ದರೆ ಪಿಎಸ್‌ಐ, ಮೂರಿದ್ದರೆ ಇನ್ಸ್‌ಪೆಕ್ಟರ್, ಪಟ್ಟಿಯಿಲ್ಲದೆ ಮೂರು ನಕ್ಷತ್ರಗಳಿದ್ದರೆ ಎಸಿಪಿ, ಅಶೋಕ ಲಾಂಛನ ಬಂದಿತೆಂದರೆ ಅಲ್ಲಿಂದ ಮೇಲೆ ಹೆಚ್ಚುವರಿ ಎಸ್‌ಪಿ, ಎಸ್‌ಪಿ ಅಥವಾ ಡಿಸಿಪಿ ದರ್ಜೆಗಳು ಆರಂಭ.

ಎರಡನೆಯ ಹಂತ: ಬಾಗಿಲನ್ನು ಆರಿಸಿಕೊಳ್ಳುವುದು

ಒಳಗೆ ಬರಲು ನಾಲ್ಕು ದಾರಿಗಳಿವೆ. ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಪಿಯುಸಿ, ಸಶಸ್ತ್ರ ಕಾನ್‌ಸ್ಟೆಬಲ್ ಹುದ್ದೆಗೆ ಎಸ್‌ಎಸ್‌ಎಲ್‌ಸಿ ತೇರ್ಗಡೆಯಾಗಿರಬೇಕು. ಪಿಎಸ್‌ಐ ಹುದ್ದೆಗೆ ಪದವಿ ಬೇಕು. ನಗರದ ಎಸಿಪಿಗೆ ಸಮಾನವಾದ ಡಿವೈಎಸ್‌ಪಿ ಹುದ್ದೆಗೆ ಕೆಪಿಎಸ್‌ಸಿ ನಡೆಸುವ ಗೆಜೆಟೆಡ್ ಪ್ರೊಬೇಷನರ್ಸ್ ಪರೀಕ್ಷೆ, ಐಪಿಎಸ್‌ಗೆ ಯುಪಿಎಸ್‌ಸಿ ನಡೆಸುವ ನಾಗರಿಕ ಸೇವಾ ಪರೀಕ್ಷೆ.

ಈ ಬಾಗಿಲುಗಳ ಲೆಕ್ಕಾಚಾರವನ್ನು ಮುಚ್ಚುಮರೆಯಿಲ್ಲದೆ ಹೇಳುವುದೇ ಲೇಸು. ಐಪಿಎಸ್ ಅಧಿಕಾರಿಗೆ ಬಡ್ತಿಯ ಕಾಲಪಟ್ಟಿ ಇದೆ: ಸುಮಾರು 4 ವರ್ಷ ಸೇವೆಗೆ ಎಸ್‌ಪಿ ದರ್ಜೆಯ ವೇತನಶ್ರೇಣಿ, 14 ವರ್ಷಕ್ಕೆ ಡಿಐಜಿ, 18ಕ್ಕೆ ಐಜಿಪಿ, 25ಕ್ಕೆ ಎಡಿಜಿಪಿ, 30ಕ್ಕೆ ಡಿಜಿಪಿ ಹುದ್ದೆಗೆ ಅರ್ಹತೆ ಬರುತ್ತದೆ. ಡಿವೈಎಸ್‌ಪಿಯಾಗಿ ನೇರವಾಗಿ ಸೇರಿದವರು ಆ ಹುದ್ದೆಯಲ್ಲಿ 8 ವರ್ಷ ಸೇವೆ ಪೂರೈಸಿದ ಮೇಲೆ ಐಪಿಎಸ್‌ಗೆ ಬಡ್ತಿಯ ಪರಿಗಣನೆಗೆ ಅರ್ಹರಾಗುತ್ತಾರೆ. ರಾಜ್ಯ ಸೇವೆಯಿಂದ ಬಡ್ತಿಗೆ ಮೂರನೆಯ ಒಂದು ಭಾಗದ ಪಾಲು ಮೀಸಲಾಗಿದ್ದರೂ ಪಟ್ಟಿ ಉದ್ದವಿರುವುದರಿಂದ ಅರ್ಹತೆ ಬಂದ ವರ್ಷವೇ ಆಯ್ಕೆಯಾಗುವುದು ಅಪರೂಪ. ಪಿಎಸ್‌ಐ ಆಗಿ ಸೇರಿದವರು ಇನ್ಸ್‌ಪೆಕ್ಟರ್, ಎಸಿಪಿ ಹಂತಗಳನ್ನು ದಾಟಿ ಮುಂದೆ ಹೋಗುವುದುಂಟು. ಕಾನ್‌ಸ್ಟೆಬಲ್ ಆಗಿ ಸೇರಿ ಜ್ಯೇಷ್ಠತೆಯೊಂದನ್ನೇ ನಂಬಿ ಕುಳಿತವರ ಸೇವೆ ಹೆಚ್ಚಾಗಿ ಎಎಸ್‌ಐ ಅಥವಾ ಪಿಎಸ್‌ಐ ಹುದ್ದೆಯಲ್ಲಿ ಮುಗಿಯುತ್ತದೆ.

ಹಾಗಾದರೆ ಪದವೀಧರರು ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಬಾರದೇ? ಮನೆಯ ಪರಿಸ್ಥಿತಿ ಕೂಡಲೇ ಒಂದು ಸಂಬಳವನ್ನು ಬೇಡುತ್ತಿದ್ದರೆ ಹಾಕಬೇಕು; ಆದರೆ ಸೇರಿದ ದಿನದಿಂದಲೇ ಪಿಎಸ್‌ಐ ನೇಮಕಾತಿಯ ಸೇವಾನಿರತರ ಕೋಟಾದ ಮೇಲೆ ಕಣ್ಣಿಟ್ಟಿರಬೇಕು. ಆ ಕೋಟಾದಲ್ಲಿ ವಯೋಮಿತಿಯ ಸಡಿಲಿಕೆ ಇರುತ್ತದೆ, ಠಾಣೆಯಲ್ಲಿ ಕಳೆದ ವರ್ಷಗಳೂ ವ್ಯರ್ಥವಾಗುವುದಿಲ್ಲ. ಕಾನ್‌ಸ್ಟೆಬಲ್ ಆಗಿದ್ದು ಪರೀಕ್ಷೆ ಬರೆದು ಬಂದ ಪಿಎಸ್‌ಐಗೆ ಮಹಜರು (ಪಂಚರೆಂಬ ಸಾಕ್ಷಿಗಳ ಮುಂದೆ ಸ್ಥಳದಲ್ಲೇ ಬರೆಯುವ ದಾಖಲೆ) ಬರೆಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬುದನ್ನು ಠಾಣೆಗಳಲ್ಲಿ ಯಾರನ್ನು ಕೇಳಿದರೂ ಒಪ್ಪುತ್ತಾರೆ.

ಮೂರನೆಯ ಹಂತ: ಘಟಕವನ್ನು ಎಚ್ಚರದಿಂದ ಗುರುತಿಸುವುದು

ಅರ್ಜಿ ತುಂಬುವಾಗ ಹೆಚ್ಚಿನವರು ಗಮನ ಕೊಡದ ಕಾಲಂ ಒಂದಿದೆ: ಘಟಕದ ಆಯ್ಕೆ. ಕಾನ್‌ಸ್ಟೆಬಲ್ ನೇಮಕಾತಿ ಜಿಲ್ಲೆ ಅಥವಾ ಕಮಿಷನರೇಟ್ ಎಂಬ ಘಟಕವಾರು ನಡೆಯುತ್ತದೆ, ಜ್ಯೇಷ್ಠತಾ ಪಟ್ಟಿಯೂ ಆ ಘಟಕದೊಳಗೇ ಇರುತ್ತದೆ. ಬೆಂಗಳೂರು ನಗರದಲ್ಲಿ ಹುದ್ದೆಗಳು ಹೆಚ್ಚು ಎಂಬ ಒಂದೇ ಕಾರಣಕ್ಕೆ ದೂರದ ಜಿಲ್ಲೆಗಳ ಅಭ್ಯರ್ಥಿಗಳು ಇಲ್ಲಿಗೆ ಅರ್ಜಿ ಹಾಕಿ, ಸೇರಿದ ಕೆಲವು ವರ್ಷಗಳಲ್ಲಿ ಮನೆ ಬಾಡಿಗೆಯ ಭಾರಕ್ಕೋ ತಂದೆ-ತಾಯಿಯ ಆರೋಗ್ಯಕ್ಕೋ ಊರಿನ ಕಡೆ ವರ್ಗಾವಣೆ ಕೇಳುತ್ತಾರೆ. ಸ್ವಂತ ಕೋರಿಕೆಯ ಮೇಲೆ ಘಟಕ ಬದಲಿಸಿದವರನ್ನು 1957ರ ಜ್ಯೇಷ್ಠತಾ ನಿಯಮಗಳ ಪ್ರಕಾರ ಹೊಸ ಘಟಕದ ಪಟ್ಟಿಯಲ್ಲಿ ಕೊನೆಯವರಾಗಿ ಸೇರಿಸಲಾಗುತ್ತದೆ. ಹತ್ತು ವರ್ಷ ಸೇವೆ ಮಾಡಿದವರು ಮೊನ್ನೆ ಮೊನ್ನೆ ಸೇರಿದವರ ಹಿಂದೆ ನಿಂತು ಹೆಡ್ ಕಾನ್‌ಸ್ಟೆಬಲ್ ಬಡ್ತಿಗೆ ಕಾಯಬೇಕಾಗುವುದು ಹೀಗೆ. ಎಲ್ಲಿ ನೆಲೆಸುತ್ತೀರೆಂಬುದನ್ನು ಅರ್ಜಿ ಹಾಕುವ ಮೊದಲು ಮನೆಯವರೊಡನೆ ಕುಳಿತು ನಿರ್ಧರಿಸಿ. ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳು ಸಂವಿಧಾನದ 371ಜೆ ವಿಧಿಯಡಿ ದೊರೆಯುವ ಸ್ಥಳೀಯ ವೃಂದದ ಅವಕಾಶವನ್ನೂ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ಪ್ರಮಾಣಪತ್ರಗಳನ್ನೂ ಅರ್ಜಿಯ ಕೊನೆಯ ದಿನಾಂಕಕ್ಕೆ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬೇಕು. ಪ್ರಮಾಣಪತ್ರದ ದಿನಾಂಕ ತಡವಾಗಿ ಅವಕಾಶ ಕಳೆದುಕೊಂಡವರ ಕಥೆ ಪ್ರತಿ ನೇಮಕಾತಿಯಲ್ಲೂ ಕೇಳಿಬರುತ್ತದೆ.

ಸಿವಿಲ್ ಮತ್ತು ಸಶಸ್ತ್ರ ಪಡೆಗಳ ನಡುವಣ ಆಯ್ಕೆಯೂ ಇಲ್ಲೇ ಆಗಬೇಕು. ನಗರ ಸಶಸ್ತ್ರ ಮೀಸಲು ಪಡೆ, ಅಂದರೆ ಸಿಎಆರ್, ಕಾವಲು, ಬೆಂಗಾವಲು, ಗಣ್ಯರ ಭದ್ರತೆ ಮತ್ತು ಬಂದೋಬಸ್ತ್ ಕೆಲಸಗಳನ್ನು ಮಾಡುತ್ತದೆ. ಅಲ್ಲಿನ ಶ್ರೇಣಿಗಳು ಬೇರೆ, ಬಡ್ತಿಯ ಸಾಲೂ ಬೇರೆ. ಅಪರಾಧ ತನಿಖೆಯಲ್ಲಿ ಆಸಕ್ತಿಯಿರುವವರು ಸಿಎಆರ್ ಸೇರಿ ಅನಂತರ ಸಿವಿಲ್‌ಗೆ ಬರುವ ಲೆಕ್ಕ ಹಾಕುವುದು ಜಾಣತನವಲ್ಲ.

ನಾಲ್ಕನೆಯ ಹಂತ: ಪರೀಕ್ಷೆ ಮತ್ತು ತರಬೇತಿ

ಈ ಭಾಗದ ವಿವರಗಳು ಅಧಿಸೂಚನೆಯಲ್ಲೇ ಇರುವುದರಿಂದ ಇಲ್ಲಿ ಹೆಚ್ಚು ಹೇಳುವುದಿಲ್ಲ. ಕಾನ್‌ಸ್ಟೆಬಲ್ ಹುದ್ದೆಗೆ ಪುರುಷ ಅಭ್ಯರ್ಥಿಗಳು 1600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ, ಮಹಿಳೆಯರು 400 ಮೀಟರ್ ದೂರವನ್ನು 2 ನಿಮಿಷದೊಳಗೆ ಓಡಬೇಕು. ಸಾಮಾನ್ಯವಾಗಿ ಪುರುಷರಿಗೆ 168 ಸೆಂಟಿಮೀಟರ್, ಮಹಿಳೆಯರಿಗೆ 157 ಸೆಂಟಿಮೀಟರ್ ಎತ್ತರ ಕೇಳುತ್ತಾರೆ. ಲಿಖಿತ ಪರೀಕ್ಷೆ 100 ಅಂಕಗಳದು, ಒಂದೂವರೆ ಗಂಟೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪಿಎಸ್‌ಐ ಪರೀಕ್ಷೆಯಲ್ಲಿ 50 ಅಂಕಗಳ ಮೊದಲ ಪತ್ರಿಕೆಯಲ್ಲಿ ಪ್ರಬಂಧ, ಸಾರಾಂಶ ಲೇಖನ ಮತ್ತು ಕನ್ನಡ-ಇಂಗ್ಲಿಷ್ ಭಾಷಾಂತರ ಇರುತ್ತವೆ. 150 ಅಂಕಗಳ ಎರಡನೆಯದು ವಸ್ತುನಿಷ್ಠ ಪತ್ರಿಕೆ. ಮೊದಲ ಪತ್ರಿಕೆಯನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಆದರೆ ಠಾಣೆಯಲ್ಲಿ ಪಿಎಸ್‌ಐ ಮಾಡುವ ಕೆಲಸವೂ ಹೆಚ್ಚುಕಡಿಮೆ ಅದೇ: ಗಾಬರಿಯಲ್ಲಿ ಬಂದ ದೂರುದಾರರ ಅರ್ಧ ಗಂಟೆಯ ಮಾತನ್ನು ಒಂದು ಪುಟಕ್ಕೆ ಇಳಿಸಬೇಕು, ಆ ಪುಟ ನ್ಯಾಯಾಲಯದಲ್ಲಿ ನಿಲ್ಲಬೇಕು.

ಯಾರಾದರೂ ಹುದ್ದೆ ಕೊಡಿಸುತ್ತೇವೆಂದು ಬಂದರೆ 2021ರ ಪಿಎಸ್‌ಐ ಪರೀಕ್ಷೆಯನ್ನು ನೆನಪಿಸಿಕೊಳ್ಳಿ. 545 ಹುದ್ದೆಗಳ ಆ ನೇಮಕಾತಿಯಲ್ಲಿ ಅಕ್ರಮ ಬಯಲಾಗಿ, 2022ರಲ್ಲಿ ಪರೀಕ್ಷೆ ರದ್ದಾಗಿ, 2024ರ ಜನವರಿಯಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮರುಪರೀಕ್ಷೆ ನಡೆಸಿತು. ಅಭ್ಯರ್ಥಿಗಳಷ್ಟೇ ಅಲ್ಲದೆ ಹಿರಿಯ ಅಧಿಕಾರಿಗಳೂ ಬಂಧನಕ್ಕೊಳಗಾದರು. ಪ್ರಾಮಾಣಿಕವಾಗಿ ಬರೆದವರ ವರ್ಷಗಳೂ ಆ ನಡುವೆ ಕೈತಪ್ಪಿಹೋದವು.

ಕಾನ್‌ಸ್ಟೆಬಲ್‌ಗಳಿಗೆ ಚನ್ನಪಟ್ಟಣ, ಖಾನಾಪುರ, ಐಮಂಗಲ ಮುಂತಾದೆಡೆಗಳ ಪೊಲೀಸ್ ತರಬೇತಿ ಶಾಲೆಗಳಲ್ಲಿ, ಪಿಎಸ್‌ಐ ಮತ್ತು ಡಿವೈಎಸ್‌ಪಿಗಳಿಗೆ ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಂತಹ ಸಂಸ್ಥೆಗಳಲ್ಲಿ, ಐಪಿಎಸ್ ಅಧಿಕಾರಿಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿ ನಡೆಯುತ್ತದೆ. ಕವಾಯತು, ಶಸ್ತ್ರಾಭ್ಯಾಸಗಳ ಜೊತೆಗೆ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳ ಪಠ್ಯವೂ ಇರುತ್ತದೆ. ತರಬೇತಿಯಲ್ಲಿ ಕಾನೂನು ತರಗತಿ ಸಂಜೆಯ ದಣಿವಿನ ಹೊತ್ತಿಗೆ ಬಂದರೂ ಟಿಪ್ಪಣಿ ಮಾಡಿಕೊಳ್ಳುವ ಅಭ್ಯಾಸವನ್ನು ಬಿಡಬೇಡಿ. ಮುಂದೆ ಇಷ್ಟು ಬಿಡುವು ಸಿಗುವುದಿಲ್ಲ.

ಐದನೆಯ ಹಂತ: ಠಾಣೆಯ ಮೊದಲ ವರ್ಷಗಳು

ಠಾಣೆಗೆ ಬಂದ ಹೊಸ ಕಾನ್‌ಸ್ಟೆಬಲ್‌ಗೆ ಸೆಂಟ್ರಿ, ಗಸ್ತು, ಹೊಯ್ಸಳ ವಾಹನದ ಡ್ಯೂಟಿ, ಸಮನ್ಸ್ ಮತ್ತು ವಾರಂಟ್ ಜಾರಿ, ನ್ಯಾಯಾಲಯದ ಕೆಲಸ, ಕ್ರೈಂ ತಂಡ, ಗುಪ್ತ ಮಾಹಿತಿ ಸಂಗ್ರಹ, ಕಂಪ್ಯೂಟರ್ ಕೆಲಸ ಹೀಗೆ ಹಲವು ಬಗೆಯ ಡ್ಯೂಟಿಗಳು ಬರುತ್ತವೆ. ಎಲ್ಲರ ಕಣ್ಣು ಕ್ರೈಂ ತಂಡದ ಮೇಲಿರುತ್ತದೆ, ಏಕೆಂದರೆ ಅಲ್ಲಿ ಸಮವಸ್ತ್ರವಿಲ್ಲ, ಓಡಾಟವಿದೆ, ಹೆಸರಿದೆ. ಆದರೆ ಮುಂದೆ ಹೊಣೆಯ ಹುದ್ದೆಗೆ ಹೋಗುವ ಆಸೆಯುಳ್ಳವರು ಮೊದಲ ಐದಾರು ವರ್ಷಗಳಲ್ಲಿ ಒಂದು ಅವಧಿಯನ್ನಾದರೂ ರೈಟರ್ ಮೇಜಿನಲ್ಲಿ, ಇನ್ನೊಂದು ಅವಧಿಯನ್ನು ಕೋರ್ಟ್ ಪಿಸಿಯಾಗಿ, ಅಂದರೆ ನ್ಯಾಯಾಲಯದ ಕೆಲಸ ನೋಡುವ ಪೇದೆಯಾಗಿ, ಕಳೆಯಬೇಕು. ರೈಟರ್ ಮೇಜಿನಲ್ಲಿ ಠಾಣಾ ದಿನಚರಿ, ಎಫ್‌ಐಆರ್ ಪುಸ್ತಕ, ಸ್ವತ್ತು ವಹಿ, ಬಾಕಿ ಪ್ರಕರಣಗಳ ಪಟ್ಟಿ ಎಲ್ಲವೂ ಕೈಯ ಮೇಲೆ ಹಾದುಹೋಗುತ್ತವೆ. ಕೋರ್ಟ್ ಡ್ಯೂಟಿಯಲ್ಲಿ, ಚೆನ್ನಾಗಿ ಹಿಡಿದ ಪ್ರಕರಣ ಹೇಗೆ ಬಿದ್ದುಹೋಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಒಂದು ಉದಾಹರಣೆ ನೋಡಿ. ಬೈಕ್ ಕಳ್ಳತನದ ಆರೋಪಿಯ ಮನೆಯಿಂದ ಸ್ವತ್ತು ವಶಪಡಿಸಿಕೊಳ್ಳುವಾಗ ಬರೆಯುವ ಮಹಜರಿನಲ್ಲಿ ಸ್ಥಳ, ದಿಕ್ಕು, ಆರಂಭಿಸಿದ ಮತ್ತು ಮುಗಿಸಿದ ಸಮಯ, ಪಂಚರ ಹೆಸರು-ವಿಳಾಸ, ಬೈಕಿನ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಇರಬೇಕು. ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮಿನಂತೆ ಶೋಧನೆ ಮತ್ತು ವಶಪಡಿಸುವಿಕೆಯನ್ನು ಧ್ವನಿ-ದೃಶ್ಯ ಮುದ್ರಣ ಮಾಡಿ ವಿಳಂಬವಿಲ್ಲದೆ ದಂಡಾಧಿಕಾರಿಗೆ ಕಳುಹಿಸಬೇಕು. ವಿಡಿಯೊದಲ್ಲಿ ಗಡಿಯಾರ ಸಂಜೆ ಏಳನ್ನು ತೋರಿಸಿ, ಮಹಜರಿನಲ್ಲಿ ಐದೂವರೆ ಎಂದು ಬರೆದಿದ್ದರೆ ಪ್ರತಿವಾದಿ ವಕೀಲರಿಗೆ ಬೇರೇನೂ ಬೇಕಾಗಿಲ್ಲ. ಇದನ್ನು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ ಕಾನ್‌ಸ್ಟೆಬಲ್ ಮುಂದೆ ಇನ್ಸ್‌ಪೆಕ್ಟರ್ ಆದಾಗ ಸಹಿ ಮಾಡುವ ಮೊದಲು ಸಮಯದ ಸಾಲನ್ನು ಎರಡು ಬಾರಿ ಓದುತ್ತಾರೆ.

ಬೀಟ್ ಡ್ಯೂಟಿಯನ್ನು ಶಿಕ್ಷೆಯೆಂದು ಎಣಿಸುವವರಿದ್ದಾರೆ. ಆದರೆ ತನ್ನ ಬೀಟಿನ ಅಂಗಡಿಯವರು, ಆಟೊ ನಿಲ್ದಾಣದವರು, ಪಿಜಿಗಳನ್ನು ನಡೆಸುವವರು, ವಾರ್ಡಿನ ಹಿರಿಯರು ಇವರ ಹೆಸರು ಬಲ್ಲ ಪೇದೆಗೆ ಠಾಣೆಯಲ್ಲಿ ತಾನಾಗಿಯೇ ಒಂದು ತೂಕ ಬರುತ್ತದೆ. ಇನ್ಸ್‌ಪೆಕ್ಟರ್ ಕೂಡ ಅವರನ್ನು ಕರೆದು ಕೇಳುತ್ತಾರೆ. ಹುದ್ದೆಯಿಲ್ಲದೆಯೂ ಮುಂದಾಳತ್ವ ಹುಟ್ಟುವ ಜಾಗವೆಂದರೆ ಇದೊಂದೇ.

ಆರನೆಯ ಹಂತ: ಸೇವಾ ದಾಖಲೆಗಳನ್ನು ಕಾಪಾಡಿಕೊಳ್ಳುವುದು

ಬಡ್ತಿಯ ಬಗ್ಗೆ ಠಾಣೆಗಳಲ್ಲಿ ನಡೆಯುವ ಮಾತುಕತೆಯಲ್ಲಿ ಅರ್ಧ ಪಾಲು ವದಂತಿಯೇ. ಅದನ್ನು ಬದಿಗಿಟ್ಟು ವರ್ಷಕ್ಕೊಮ್ಮೆಯಾದರೂ ನಿಮ್ಮ ದಾಖಲೆಗಳನ್ನು ನೀವೇ ನೋಡಿಕೊಳ್ಳಿ. ಸೇವಾ ಪುಸ್ತಕದಲ್ಲಿ ಜನ್ಮ ದಿನಾಂಕ, ವಿದ್ಯಾರ್ಹತೆ, ಪ್ರೊಬೇಷನ್ ಅವಧಿ ತೃಪ್ತಿಕರವಾಗಿ ಪೂರ್ಣಗೊಂಡಿದೆ ಎಂಬ ಆದೇಶ, ಉತ್ತೀರ್ಣರಾದ ಇಲಾಖಾ ಪರೀಕ್ಷೆಗಳು, ಪಡೆದ ಬಹುಮಾನ ಮತ್ತು ಪ್ರಶಂಸೆಗಳು ನಮೂದಾಗಿವೆಯೇ ಎಂದು ಪರಿಶೀಲಿಸಿ. ಪ್ರೊಬೇಷನ್ ಘೋಷಣೆಯ ಆದೇಶ ಹೊರಬೀಳದೆ ಉಳಿದು, ಹತ್ತಾರು ವರ್ಷಗಳ ನಂತರ ಬಡ್ತಿಯ ಹೊತ್ತಿಗೆ ಅದು ಬೆಳಕಿಗೆ ಬಂದು, ಕಚೇರಿಯಿಂದ ಕಚೇರಿಗೆ ಕಡತ ಅಲೆಯುವ ಸ್ಥಿತಿ ಅಪರೂಪವೇನಲ್ಲ. ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಪ್ರಕಟವಾದಾಗ ಆಕ್ಷೇಪಣೆಗೆ ಕೊಟ್ಟ ಅವಧಿಯೊಳಗೆ ಲಿಖಿತವಾಗಿ ಬರೆದು ಸ್ವೀಕೃತಿ ಪಡೆಯಿರಿ. ಅಂತಿಮ ಪಟ್ಟಿ ಬಂದ ಮೇಲೆ ಆಡಳಿತ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವುದು ದುಬಾರಿ ದಾರಿ.

ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಏನು ಬರೆದಿದ್ದಾರೆಂಬುದು ಗುಟ್ಟಾಗಿ ಉಳಿಯಬೇಕಾಗಿಲ್ಲ. ವರದಿಯ ಪ್ರತಿಯೊಂದು ಷರಾವನ್ನೂ ನೌಕರರಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಹೇಳಿದೆ. ಪ್ರತಿಕೂಲ ಷರಾ ಬಂದರೆ ಕೋಪದಿಂದ ಉತ್ತರಿಸುವ ಬದಲು ಆ ವರ್ಷ ನೀವು ಮುಗಿಸಿದ ಪ್ರಕರಣಗಳು, ಜಾರಿ ಮಾಡಿದ ವಾರಂಟ್‌ಗಳು ಇವುಗಳ ಸಂಖ್ಯೆಯೊಡನೆ ಮನವಿ ಸಲ್ಲಿಸಬೇಕು. ಈ ಸಂಖ್ಯೆಗಳು ಕೈಗೆ ಸಿಗಬೇಕಾದರೆ ಸ್ವಂತದ ಒಂದು ಡೈರಿ ಇರಬೇಕು.

ಇಲಾಖಾ ವಿಚಾರಣೆ ಎಂಬುದು ಪೊಲೀಸ್ ಸೇವೆಯಲ್ಲಿ ಬೇರೆ ಇಲಾಖೆಗಳಿಗಿಂತ ಹೆಚ್ಚು. ಕಾವಲಿನಲ್ಲಿದ್ದ ಆರೋಪಿ ತಪ್ಪಿಸಿಕೊಂಡರೂ, ರೋಲ್ ಕಾಲ್‌ಗೆ ಗೈರುಹಾಜರಾದರೂ ವಿಚಾರಣೆ ಬರಬಹುದು. 1965ರ ಪೊಲೀಸ್ ಶಿಸ್ತುಕ್ರಮ ನಿಯಮಗಳಂತೆ ಅದು ನಡೆಯುತ್ತದೆ. ದೂರು ಬಂದ ಮಾತ್ರಕ್ಕೆ ಬಡ್ತಿ ನಿಲ್ಲುವುದಿಲ್ಲ. ದೋಷಾರೋಪಣೆಯ ಪತ್ರ ಜಾರಿಯಾದ ಮೇಲಷ್ಟೇ ಬಡ್ತಿಯ ನಿರ್ಣಯವನ್ನು, ವಿಚಾರಣೆ ಮುಗಿಯುವವರೆಗೆ ತೆರೆಯದಂತೆ, ಮೊಹರಾದ ಲಕೋಟೆಯಲ್ಲಿಡಬಹುದು ಎಂಬುದು 1991ರ ಜಾನಕಿರಾಮನ್ ಪ್ರಕರಣದಿಂದ ನೆಲೆಗೊಂಡಿರುವ ತತ್ವ. ನೋಟಿಸ್ ಬಂದಾಗ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಗಡುವಿನೊಳಗೆ ಉತ್ತರ ಕೊಡಿ, ದಾಖಲೆಗಳ ಪ್ರತಿ ಕೇಳಿ ಪಡೆಯಿರಿ.

ಏಳನೆಯ ಹಂತ: ವಿಶೇಷ ಶಾಖೆಗಳನ್ನು ಬಳಸಿಕೊಳ್ಳುವುದು

ಬೆಂಗಳೂರಿನಂತಹ ನಗರದ ಅನುಕೂಲವೆಂದರೆ ಘಟಕವನ್ನು ಬಿಡದೆಯೇ ಬೇರೆ ಬೇರೆ ಬಗೆಯ ಕೆಲಸ ಕಲಿಯಬಹುದು. ಸಂಚಾರ ವಿಭಾಗ, ಕೇಂದ್ರ ಅಪರಾಧ ವಿಭಾಗವಾದ ಸಿಸಿಬಿ, ಸೈಬರ್, ಆರ್ಥಿಕ ಮತ್ತು ಮಾದಕ ಅಪರಾಧಗಳ ಸೆನ್ ಠಾಣೆಗಳು, 112 ನಿಯಂತ್ರಣ ಕೊಠಡಿ, ಮಹಿಳಾ ಠಾಣೆಗಳು, ವಿಶೇಷ ಶಾಖೆ ಇವೆಲ್ಲ ಒಂದೇ ಆಯುಕ್ತರ ಅಡಿಯಲ್ಲಿವೆ. ಸೈಬರ್ ಕೆಲಸವನ್ನು ನಾನು ಮೊದಲು ಸೂಚಿಸುತ್ತೇನೆ. ಬ್ಯಾಂಕುಗಳ ನೋಡಲ್ ಅಧಿಕಾರಿಗಳಿಗೆ ಪತ್ರ ಬರೆದು ಖಾತೆ ತಡೆಹಿಡಿಸುವುದು, ಐಪಿ ವಿಳಾಸದ ವಿವರ ತರಿಸಿಕೊಳ್ಳುವುದು, ಕರೆ ವಿವರಗಳನ್ನು ಓದುವುದು ಇವು ಇಂದು ಕೊಲೆ ಪ್ರಕರಣದಲ್ಲೂ ಬೇಕಾಗುವ ವಿದ್ಯೆಗಳು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೆಯ ಕಲಮಿನ ಪ್ರಕಾರ ಆ ಕಾಯ್ದೆಯ ಅಪರಾಧಗಳನ್ನು ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಆದ್ದರಿಂದ ಕಾನ್‌ಸ್ಟೆಬಲ್ ಮತ್ತು ಪಿಎಸ್‌ಐ ಆಗಿ ಅಲ್ಲಿ ಸಹಾಯಕರಾಗಿ ಕಲಿತವರಿಗೆ ಇನ್ಸ್‌ಪೆಕ್ಟರ್ ಆದಾಗ ಅದರ ಪೂರ್ತಿ ಫಲ ಸಿಗುತ್ತದೆ.

ಸಂಚಾರ ವಿಭಾಗದಲ್ಲಿ ಹೊಗೆ, ಬಿಸಿಲು, ನಿಂತೇ ಇರುವ ದುಡಿಮೆ ಇವೆಲ್ಲ ನಿಜ. ಆದರೆ ಜನರೊಡನೆ ತಾಳ್ಮೆಯಿಂದ ವ್ಯವಹರಿಸುವುದನ್ನು ಅದು ಕಲಿಸಿದಂತೆ ಬೇರೆ ಯಾವ ಡ್ಯೂಟಿಯೂ ಕಲಿಸುವುದಿಲ್ಲ. ಒಂದೇ ಶಾಖೆಯಲ್ಲಿ ಹತ್ತು ಹದಿನೈದು ವರ್ಷ ಬೇರೂರುವುದು ಮಾತ್ರ ಒಳ್ಳೆಯದಲ್ಲ. ಬಡ್ತಿ ಬಂದು ಕಾನೂನು ಸುವ್ಯವಸ್ಥೆ ಠಾಣೆಗೆ ಹೋದಾಗ ಅಲ್ಲಿಯವರು ನಿಮ್ಮನ್ನು ಹೊರಗಿನವರಂತೆ ಕಾಣುತ್ತಾರೆ.

ಎಂಟನೆಯ ಹಂತ: ಪಿಎಸ್‌ಐ ಮತ್ತು ಇನ್ಸ್‌ಪೆಕ್ಟರ್ ಆಗಿ ಠಾಣೆ ನಡೆಸುವುದು

ಹೊಸ ಪಿಎಸ್‌ಐಗೆ ಮೊದಲ ಸವಾಲು ತನಗಿಂತ ಇಪ್ಪತ್ತು ವರ್ಷ ಹಿರಿಯರಾದ ಎಎಸ್‌ಐ, ಹೆಡ್ ಕಾನ್‌ಸ್ಟೆಬಲ್‌ಗಳಿಂದ ಕೆಲಸ ತೆಗೆಸುವುದು. ಅವರು "ಸರ್" ಎಂದು ಸಲ್ಯೂಟ್ ಹೊಡೆಯುತ್ತಾರೆ, ಆದರೆ ನಿಮ್ಮನ್ನು ಅಳೆಯುತ್ತಲೇ ಇರುತ್ತಾರೆ. ವಯಸ್ಸಿಗೆ ಮರ್ಯಾದೆ ಕೊಟ್ಟು, ಎಲ್ಲರೆದುರು ಗದರಿಸದೆ, ತಿಳಿಯದಿದ್ದನ್ನು ಅವರಿಂದ ಕೇಳಿ ತಿಳಿದು, ನಿರ್ಧಾರವನ್ನು ಮಾತ್ರ ತಾನೇ ತೆಗೆದುಕೊಳ್ಳುವವರು ಬೇಗ ಒಪ್ಪಿಗೆಯಾಗುತ್ತಾರೆ. ಕೈಕೆಳಗಿನವರ ತಪ್ಪನ್ನು ಮೇಲಧಿಕಾರಿಯ ಮುಂದೆ ಅವರ ತಲೆಗೇ ಕಟ್ಟಿ ಕೈತೊಳೆದುಕೊಳ್ಳುವ ಪಿಎಸ್‌ಐಗೆ ಆ ಠಾಣೆಯಲ್ಲಿ ಮುಂದೆ ಯಾವ ಮಾಹಿತಿಯೂ ಬರುವುದಿಲ್ಲ.

ಡ್ಯೂಟಿ ಹಂಚಿಕೆಯೇ ನಿಜವಾದ ಪರೀಕ್ಷೆ. ಬೆಳಗಿನ ರೋಲ್ ಕಾಲ್‌ನಲ್ಲಿ ಓದುವ ಪಟ್ಟಿಯಲ್ಲಿ ರಾತ್ರಿ ಗಸ್ತು ಯಾರಿಗೆ ಎಷ್ಟು ಬಾರಿ ಬಂತು, ವಾರದ ರಜೆ ಯಾರದು ರದ್ದಾಯಿತು, ಶವಾಗಾರದ ಡ್ಯೂಟಿ ಯಾವಾಗಲೂ ಒಬ್ಬರಿಗೇ ಏಕೆ ಬೀಳುತ್ತದೆ, ಇವನ್ನು ಸಿಬ್ಬಂದಿ ಬಾಯಿಬಿಟ್ಟು ಹೇಳದಿದ್ದರೂ ಲೆಕ್ಕ ಇಟ್ಟಿರುತ್ತಾರೆ. ಹಂಚಿಕೆಯನ್ನು ರೈಟರಿಗೆ ಪೂರ್ತಿಯಾಗಿ ಬಿಟ್ಟುಬಿಡುವ ಇನ್ಸ್‌ಪೆಕ್ಟರ್ ತನ್ನ ಠಾಣೆಯ ಅರ್ಧ ಅಧಿಕಾರವನ್ನು ಬಿಟ್ಟುಕೊಟ್ಟಂತೆಯೇ. ಒಂದು ಸರಳ ವಹಿಯಲ್ಲಿ ಪ್ರತಿಯೊಬ್ಬರ ರಾತ್ರಿ ಪಾಳಿ ಮತ್ತು ರಜೆಯನ್ನು ತಿಂಗಳುವಾರು ಬರೆಸಿ ಎಲ್ಲರಿಗೂ ಕಾಣುವಂತಿಟ್ಟರೆ ಅರ್ಧ ಗೊಣಗಾಟ ತಾನಾಗಿ ನಿಲ್ಲುತ್ತದೆ. ಠಾಣೆಗೆ ಬಂದ ಮಹಿಳಾ ಸಿಬ್ಬಂದಿಯನ್ನು ಸ್ವಾಗತ ಮೇಜು ಮತ್ತು ಕಂಪ್ಯೂಟರಿಗೆ ಸೀಮಿತಗೊಳಿಸುವ ಅಭ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ. ತನಿಖೆ ಮತ್ತು ಬೀಟ್ ಅವರಿಗೂ ಸಿಗಬೇಕು, ಇಲ್ಲವಾದರೆ ಮುಂದೆ ಅವರು ಪಿಎಸ್‌ಐ ಆದಾಗ ಆ ಅನುಭವದ ಕೊರತೆ ಅವರ ತಪ್ಪಿನಂತೆ ಕಾಣುತ್ತದೆ.

ತನಿಖೆಯಲ್ಲಿ ಇನ್ಸ್‌ಪೆಕ್ಟರ್ ಕಣ್ಣಿಡಬೇಕಾದದ್ದು ದಿನಾಂಕಗಳ ಮೇಲೆ. ಬಂಧಿತರನ್ನು 24 ಗಂಟೆಗಳೊಳಗೆ ದಂಡಾಧಿಕಾರಿಯ ಮುಂದೆ ಹಾಜರುಪಡಿಸಬೇಕು. ಆರೋಪಿ ಬಂಧನದಲ್ಲಿದ್ದರೆ ಅಪರಾಧದ ಗಂಭೀರತೆಗೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ಆರೋಪಪಟ್ಟಿ ಸಲ್ಲಿಸದಿದ್ದರೆ ಜಾಮೀನು ಹಕ್ಕಾಗಿ ದೊರೆಯುತ್ತದೆ. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕು. 7 ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರನ್ನು ಸ್ಥಳಕ್ಕೆ ಕರೆಸುವ ಕ್ರಮ ಹೊಸ ಸಂಹಿತೆಯಲ್ಲಿ ಬಂದಿದೆ. ಗಡುವು ಸಮೀಪಿಸಿದ ಪ್ರಕರಣಗಳನ್ನು ಪ್ರತಿ ಸೋಮವಾರ ಒಂದು ಹಾಳೆಯಲ್ಲಿ ಬರೆಸಿಕೊಂಡು ತನಿಖಾಧಿಕಾರಿಗಳೊಡನೆ ಹದಿನೈದು ನಿಮಿಷ ಕೂರುವ ಇನ್ಸ್‌ಪೆಕ್ಟರ್‌ಗೆ ಡಿಸಿಪಿಯ ಅಪರಾಧ ಪರಿಶೀಲನಾ ಸಭೆಯ ಭಯವಿರುವುದಿಲ್ಲ.

ವರ್ಗಾವಣೆಯ ವಿಷಯವನ್ನು ತಪ್ಪಿಸಿ ಈ ಹಂತವನ್ನು ಬರೆಯಲಾಗದು. ಎಕ್ಸಿಕ್ಯೂಟಿವ್ ಹುದ್ದೆಗಾಗಿ, ಅಂದರೆ ಠಾಣೆಯ ಹೊಣೆಯಂತಹ ಹುದ್ದೆಗಾಗಿ, ಶಿಫಾರಸು ಪತ್ರ ಹಿಡಿದು ಓಡಾಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನಡತೆ ನಿಯಮಗಳು ಹೊರಗಿನ ಪ್ರಭಾವ ತರುವುದನ್ನು ನಿಷೇಧಿಸಿವೆ. 2006ರ ಪ್ರಕಾಶ್ ಸಿಂಗ್ ತೀರ್ಪು ಠಾಣಾಧಿಕಾರಿಗಳಿಗೂ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕೆಂದೂ, ವರ್ಗಾವಣೆಗಳನ್ನು ಪೊಲೀಸ್ ಸಿಬ್ಬಂದಿ ಮಂಡಳಿ ನಿರ್ಧರಿಸಬೇಕೆಂದೂ ಹೇಳಿದೆ. ಶಿಫಾರಸಿನಿಂದ ಬಂದ ಠಾಣೆಯಲ್ಲಿ ಮೊದಲ ಸಂಕಟದ ದೂರವಾಣಿ ಕರೆ ಆ ಶಿಫಾರಸುದಾರರಿಂದಲೇ ಬರುತ್ತದೆ ಎಂಬುದನ್ನು ಮಾತ್ರ ಇಲ್ಲಿ ಸೇರಿಸಬಯಸುತ್ತೇನೆ.

ಒಂಬತ್ತನೆಯ ಹಂತ: ಎಸಿಪಿ, ಡಿಸಿಪಿ ಮತ್ತು ಅದರಾಚೆ

ಎಸಿಪಿ ದರ್ಜೆಗೆ ಕಾನೂನೇ ಕೆಲವು ತನಿಖೆಗಳನ್ನು ವಹಿಸಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ಪ್ರಕರಣಗಳನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ, ನಗರದಲ್ಲಿ ಅದಕ್ಕೆ ಸಮಾನವಾದ ದರ್ಜೆ ಎಸಿಪಿಯದು. 3 ವರ್ಷ ಅಥವಾ ಅದಕ್ಕೂ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮೊದಲು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಅನುಮತಿ ಕೊಡುವವರೂ ಇದೇ ದರ್ಜೆಯವರು. ಠಾಣೆಯ ಜನಪ್ರಿಯ ಇನ್ಸ್‌ಪೆಕ್ಟರ್ ಆಗಿದ್ದವರು ಎಸಿಪಿಯಾದ ಮೇಲೂ ಠಾಣೆಯನ್ನೇ ನಡೆಸಲು ಹೊರಟು ತಮ್ಮ ಇನ್ಸ್‌ಪೆಕ್ಟರ್‌ಗಳ ಕೈ ಕಟ್ಟಿಹಾಕುವುದು ಈ ಹಂತದ ಸಾಮಾನ್ಯ ದೋಷ. ನಾಲ್ಕು ಠಾಣೆಗಳ ಕೆಲಸವನ್ನು ಹೋಲಿಸಿ ನೋಡಿ, ಹಿಂದುಳಿದ ಠಾಣೆಗೆ ಸಿಬ್ಬಂದಿ ಒದಗಿಸುವುದು, ಕೇಸ್ ಡೈರಿಗಳನ್ನು ನಿಜವಾಗಿ ಓದಿ ಸೂಚನೆ ಬರೆಯುವುದು ಎಸಿಪಿಯ ಕೆಲಸ.

ಡಿಸಿಪಿ ಹುದ್ದೆಯಲ್ಲಿ ಬಂದೋಬಸ್ತ್ ಯೋಜನೆ ದೊಡ್ಡ ಭಾಗವಾಗುತ್ತದೆ. ಬೆಂಗಳೂರು ಕರಗ, ಬಸವನಗುಡಿಯ ಕಡಲೆಕಾಯಿ ಪರಿಷೆ, ಗಣೇಶ ವಿಸರ್ಜನೆ, ಡಿಸೆಂಬರ್ 31ರ ರಾತ್ರಿಯ ಎಂ.ಜಿ. ರಸ್ತೆ ಮತ್ತು ಬ್ರಿಗೇಡ್ ರಸ್ತೆ, ಇವೆಲ್ಲಕ್ಕೂ ಲಿಖಿತ ಬಂದೋಬಸ್ತ್ ಸ್ಕೀಮ್ ಇರಬೇಕು: ಸೆಕ್ಟರುಗಳ ವಿಂಗಡಣೆ, ಪ್ರತಿ ಸೆಕ್ಟರಿಗೆ ಹೆಸರು ಹಿಡಿದು ಹೊಣೆಗಾರರು, ಜನ ಒಳಬರುವ ಮತ್ತು ಹೊರಹೋಗುವ ದಾರಿ, ಆಂಬುಲೆನ್ಸ್ ನಿಲ್ಲುವ ಜಾಗ, ವೈರ್‌ಲೆಸ್ ಚಾನೆಲ್, ಮೀಸಲು ಪಡೆ, ಡ್ಯೂಟಿಯಲ್ಲಿ ನಿಂತವರಿಗೆ ಊಟ ತಲುಪಿಸುವವರು ಯಾರು ಎಂಬುದೂ ಸೇರಿ. ಆಯೋಜಕರಿಂದ ಅರ್ಜಿ ಬಂದ ದಿನಾಂಕ, ಪೊಲೀಸರು ಕೊಟ್ಟ ಲಿಖಿತ ಉತ್ತರ, ವಿಧಿಸಿದ ಷರತ್ತುಗಳು ಕಡತದಲ್ಲಿರಬೇಕು.

ಇದು ಏಕೆ ಇಷ್ಟು ಮುಖ್ಯವೆಂಬುದಕ್ಕೆ 2025ರ ಜೂನ್ 4 ಸಾಕ್ಷಿ. ಅಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕ್ರಿಕೆಟ್ ವಿಜಯೋತ್ಸವದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಮರುದಿನವೇ ಸರ್ಕಾರ ಐವರು ಪೊಲೀಸ್ ಅಧಿಕಾರಿಗಳನ್ನು ಅಮಾನತುಗೊಳಿಸಿತು: ಒಬ್ಬ ಇನ್ಸ್‌ಪೆಕ್ಟರ್, ಒಬ್ಬ ಎಸಿಪಿ, ಒಬ್ಬ ಡಿಸಿಪಿ, ಒಬ್ಬ ಹೆಚ್ಚುವರಿ ಆಯುಕ್ತರು ಮತ್ತು ಸ್ವತಃ ಆಯುಕ್ತರು. ಮುಂದಿನ ತಿಂಗಳಲ್ಲಿ ಅಮಾನತು ತೆರವಾಯಿತಾದರೂ, ಠಾಣೆಯಿಂದ ಆಯುಕ್ತರವರೆಗಿನ ಒಂದೊಂದು ಮೆಟ್ಟಿಲಿನಿಂದಲೂ ಒಬ್ಬೊಬ್ಬರ ಹೆಸರು ಆ ಆದೇಶದಲ್ಲಿತ್ತು. ಕಮಿಷನರೇಟ್‌ನಲ್ಲಿ ಅಧಿಕಾರ ಒಂದೇ ಕಡೆ ಸೇರಿರುವುದರಿಂದ ಹೊಣೆಯನ್ನು ದಾಟಿಸಲು ಜಿಲ್ಲಾಧಿಕಾರಿಯ ಕಚೇರಿ ಇರುವುದಿಲ್ಲ. ಡಿಸಿಪಿಯಾಗುವವರು ಮೌಖಿಕ ಸೂಚನೆಯ ಮೇಲೆ ದೊಡ್ಡ ಕಾರ್ಯಕ್ರಮಕ್ಕೆ ಪಡೆ ನಿಯೋಜಿಸುವ ಸ್ಥಿತಿ ಬಂದರೆ, ತಮ್ಮ ಅಭಿಪ್ರಾಯವನ್ನು ಅದೇ ಗಂಟೆಯಲ್ಲಿ ಬರಹದಲ್ಲಿ ಮೇಲಕ್ಕೆ ಕಳುಹಿಸುವ ಅಭ್ಯಾಸವನ್ನು ಎಸಿಪಿ ಆಗಿರುವಾಗಲೇ ರೂಢಿಸಿಕೊಳ್ಳಬೇಕು.

ಆಯುಕ್ತರ ಹುದ್ದೆಗೆ ಅರ್ಜಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಬೆಂಗಳೂರಿಗೆ ಸಾಮಾನ್ಯವಾಗಿ ಎಡಿಜಿಪಿ ದರ್ಜೆಯವರನ್ನು, ಉಳಿದ ಕಮಿಷನರೇಟ್‌ಗಳಿಗೆ ಡಿಐಜಿ ಅಥವಾ ಐಜಿಪಿ ದರ್ಜೆಯವರನ್ನು ಸರ್ಕಾರ ನೇಮಿಸುತ್ತದೆ. ಆದ್ದರಿಂದ ಆ ಕುರ್ಚಿಯನ್ನೇ ಗುರಿಯಾಗಿಟ್ಟುಕೊಂಡು ವೃತ್ತಿಯನ್ನು ಯೋಜಿಸುವುದರಲ್ಲಿ ಅರ್ಥವಿಲ್ಲ. ರಾಜ್ಯ ಸೇವೆಯಿಂದ ಬಂದ ಅಧಿಕಾರಿಗೆ ಕೈಗೆಟಕುವ ಯೋಜನೆಯೆಂದರೆ ಐಪಿಎಸ್ ಬಡ್ತಿಯ ಆಯ್ಕೆ ಸಮಿತಿಯ ಮುಂದೆ ಹೋಗುವ ಕಡತ. ಆ ಸಮಿತಿ ಸೇವಾ ದಾಖಲೆಗಳನ್ನೂ ಕಾರ್ಯನಿರ್ವಹಣಾ ವರದಿಗಳನ್ನೂ ನೋಡಿ ಶ್ರೇಣಿ ಕೊಡುತ್ತದೆ, ಸಂದರ್ಶನವಿರುವುದಿಲ್ಲ. ವಯಸ್ಸಿನ ಮಿತಿಯೂ ಇರುವುದರಿಂದ ತಡವಾಗಿ ಡಿವೈಎಸ್‌ಪಿಯಾದವರಿಗೆ ಸಿಗುವುದು ಕೆಲವೇ ಅವಕಾಶಗಳು. ಬಾಕಿಯಿರುವ ಇಲಾಖಾ ವಿಚಾರಣೆಗಳು, ಸರಿಪಡಿಸದೆ ಬಿಟ್ಟ ಜ್ಯೇಷ್ಠತೆಯ ತಕರಾರುಗಳು, ಬರೆಯದೆ ಉಳಿದ ಯಾವುದೋ ವರ್ಷದ ಕಾರ್ಯನಿರ್ವಹಣಾ ವರದಿ ಇವೆಲ್ಲವನ್ನೂ ಆ ಪಟ್ಟಿ ಸಿದ್ಧವಾಗುವ ಎರಡು ವರ್ಷ ಮೊದಲೇ ಇತ್ಯರ್ಥಪಡಿಸಿಕೊಂಡಿರಬೇಕು. ಪಟ್ಟಿ ದೆಹಲಿಗೆ ಹೋದ ಮೇಲೆ ಬೆಂಗಳೂರಿನ ಕಚೇರಿಗಳಲ್ಲಿ ಓಡಾಡಿ ಪ್ರಯೋಜನವಿಲ್ಲ.